ಹೆರಿಗೆಗೆ ರಾಜೀನಾಮೆ ಯಾಕೆ? ರಜೆ ಇದೆ, ಸಂಬಳವೂ ಇದೆ

ಗಾರ್ಮೆಂಟ್ಸ್ ಬಸ್ಸಿನಲ್ಲಿ ದಿನಾ ಬರುತ್ತಿದ್ದ ಹೆಣ್ಣುಮಗಳು ಹದಿನೈದು ದಿನ ಕಾಣದಿದ್ದರೆ ಜೊತೆಯವರು ವಿಚಾರಿಸುತ್ತಾರೆ. ‘ಅವಳಿಗೆ ಏಳು ತಿಂಗಳಲ್ಲವಾ, ಕೆಲಸ ಬಿಟ್ಟಳು’ ಅಂತ ಉತ್ತರ ಬರುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ. ಯಾಕೆ ಬಿಟ್ಟಳು ಅಂತ ಯಾರೂ ಕೇಳುವುದಿಲ್ಲ. ಬಸುರಿಯಾದವಳು ಕೆಲಸ ಬಿಡುವುದು ಮಳೆಗಾಲದಲ್ಲಿ ಕೆರೆ ತುಂಬಿದಷ್ಟೇ ಸಹಜ ಅನ್ನುವ ಹಾಗೆ ಊರು ನಡೆದುಕೊಳ್ಳುತ್ತಿದೆ.

ಇದು ಸಹಜವಲ್ಲ, ಹಾಗಂತ ನಂಬಿಸಲಾಗಿದೆ. ಈ ನಂಬಿಕೆಯಿಂದ ಗಂಟು ಕಟ್ಟಿಕೊಳ್ಳುವವರು ಯಾರು, ಗಂಟು ಕಳೆದುಕೊಳ್ಳುವವರು ಯಾರು ಅಂತ ಇವತ್ತು ಲೆಕ್ಕ ಹಾಕೋಣ. ಮದ್ದೂರು, ಶ್ರೀರಂಗಪಟ್ಟಣ, ರಾಮನಗರ, ದೊಡ್ಡಬಳ್ಳಾಪುರದ ಕಡೆ ಹೊಲಿಗೆ ಮಷಿನ್ನಿಗೆ ಹೋಗುವ ಅಕ್ಕತಂಗಿಯರು, ಅವರ ಗಂಡಂದಿರು, ಅತ್ತೆ ಮಾವಂದಿರು ಎಲ್ಲರೂ ಓದಬೇಕು ಅಂತಲೇ ಬರೆಯುತ್ತಿದ್ದೇವೆ.

ಎರಡು ಕಾಗದ

ಒಂದೇ ಹೆಣ್ಣುಮಗಳ ಮುಂದೆ ಎರಡು ಕಾಗದ ಇಡಬಹುದು. ಒಂದು ರಜೆ ಅರ್ಜಿ. ಇನ್ನೊಂದು ರಾಜೀನಾಮೆ ಪತ್ರ. ಕಾನೂನು ಅವಳಿಗೆ ಕೊಟ್ಟಿರುವುದು ಮೊದಲನೆಯದನ್ನು. ಅವಳ ಕೈಯಲ್ಲಿ ಸಹಿ ಹಾಕಿಸಿಕೊಳ್ಳುವುದು ಎರಡನೆಯದಕ್ಕೆ.

ಇದಕ್ಕೆ ಯಾರೂ ಕೂಗಾಡಬೇಕಿಲ್ಲ, ಹೆದರಿಸಬೇಕಿಲ್ಲ. ಮೆತ್ತಗಿನ ಮಾತಲ್ಲೇ ಆಗಿಹೋಗುತ್ತದೆ. ‘ಆಸ್ಪತ್ರೆ, ಸ್ಕ್ಯಾನಿಂಗು ಅಂತ ಪದೇ ಪದೇ ಹೋಗ್ತೀಯ, ಲೈನ್ ನಿಂತೋಗುತ್ತೆ ಕಣಮ್ಮ. ನಿನಗೂ ಕಷ್ಟ, ನಮಗೂ ಕಷ್ಟ. ಈಗ ಬಿಟ್ಟುಬಿಡು, ಮಗು ದೊಡ್ಡದಾದ ಮೇಲೆ ಬಾ, ತಗೋತೀವಿ.’ ಕೇಳಿದವರಿಗೆ ಇದು ಕರುಣೆಯ ಮಾತು ಅನ್ನಿಸುತ್ತದೆ. ಮನೆಗೆ ಬಂದರೆ ಅತ್ತೆಯದೂ ಅದೇ ಮಾತು. ಗಂಡನದೂ ಅದೇ. ಮಾರನೇ ದಿನ ಸಹಿ ಬೀಳುತ್ತದೆ.

ಈ ಸಹಿಯ ಮಹಿಮೆ ನೋಡಿ. ಬಸುರಿಯನ್ನು, ಹೆರಿಗೆ ರಜೆಯಲ್ಲಿ ಇರುವವಳನ್ನು ಕೆಲಸದಿಂದ ತೆಗೆಯುವುದು ಅಪರಾಧ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತ್ತು. ತೆಗೆದರೆ ಕಂಪನಿ ಉತ್ತರ ಕೊಡಬೇಕು. ಆದರೆ ಅವಳೇ ‘ನನ್ನ ಸ್ವಂತ ಕಾರಣಕ್ಕೆ ಬಿಡುತ್ತಿದ್ದೇನೆ’ ಅಂತ ಬರೆದುಕೊಟ್ಟರೆ? ಅಲ್ಲಿಗೆ ಅಪರಾಧವೇ ಇಲ್ಲ. ಕಾಯ್ದೆಯನ್ನು ಮುರಿಯದೆ ಕಾಯ್ದೆಯಿಂದ ಪಾರಾಗುವ ದಾರಿ ಇದು.

ಕಾಯ್ದೆ ಏನು ಕೊಡುತ್ತದೆ ಅಂತ ನೆನಪಿಟ್ಟುಕೊಳ್ಳಿ. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಎರಡು ಮಕ್ಕಳಿರುವವರಿಗೆ ಮುಂದಿನ ಹೆರಿಗೆಗೆ 12 ವಾರ. ಗರ್ಭಪಾತವಾದರೆ 6 ವಾರ. ಮೊದಲು 12 ವಾರ ಇದ್ದುದನ್ನು 26 ವಾರಕ್ಕೆ ಏರಿಸಿದ್ದು 2017ರಲ್ಲಿ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ 26 ವಾರ ಹಾಗೇ ಉಳಿದಿದೆ.

ಕೆಲಸಕ್ಕೆ ಸೇರುವ ದಿನವೇ ಈ ಸೌಲಭ್ಯಗಳನ್ನು ಬರಹದಲ್ಲಿ ತಿಳಿಸಬೇಕು ಅನ್ನುವ ನಿಯಮವೂ 2017ರಲ್ಲೇ ಸೇರಿತು. ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕತಂಗಿಯರೇ, ಆ ಕಾಗದ ನಿಮ್ಮ ಕೈಗೆ ಬಂದಿದೆಯಾ? ಬಂದಿದ್ದರೆ ಅದು ಕನ್ನಡದಲ್ಲಿತ್ತಾ?

ದುಡ್ಡು ಯಾರದು?

‘ಕೆಲಸ ಮಾಡದೆ ಆರು ತಿಂಗಳು ಸಂಬಳ ಯಾರು ಕೊಡ್ತಾರೆ?’ ಅಂತ ಅತ್ತೆ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಉತ್ತರ ನಿಮ್ಮ ಸಂಬಳದ ಚೀಟಿಯಲ್ಲೇ ಇದೆ.

ಅದರಲ್ಲಿ ‘ಇಎಸ್‌ಐ’ ಅಂತ ಒಂದು ಸಾಲು ಇರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಈ ವಿಮೆ. ನಿಮ್ಮ ಸಂಬಳದ ನೂರು ರೂಪಾಯಿಗೆ 75 ಪೈಸೆ ನಿಮ್ಮಿಂದ ಹೋಗುತ್ತದೆ, 3 ರೂಪಾಯಿ 25 ಪೈಸೆ ಕಂಪನಿ ಕಟ್ಟುತ್ತದೆ. 12,000 ಸಂಬಳವಿದ್ದರೆ ತಿಂಗಳಿಗೆ ನಿಮ್ಮ ಪಾಲು 90 ರೂಪಾಯಿ, ಕಂಪನಿಯ ಪಾಲು 390 ರೂಪಾಯಿ. ಬಸುರಿ ಇರಲಿ ಇಲ್ಲದಿರಲಿ, ಗಂಡಸಿರಲಿ ಹೆಂಗಸಿರಲಿ, ತಿಂಗಳು ತಿಂಗಳು ಕಟ್ಟಲೇಬೇಕು.

ಇಎಸ್‌ಐ ಇರುವ ಕಡೆ ಹೆರಿಗೆ ರಜೆಯ 26 ವಾರದ ದುಡ್ಡು ಬರುವುದು ಈ ನಿಧಿಯಿಂದ. ಹಿಂದಿನ ಒಂದು ಅಥವಾ ಎರಡು ವಂತಿಗೆ ಅವಧಿಗಳಲ್ಲಿ (ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) 70 ದಿನದ ವಂತಿಗೆ ಕಟ್ಟಿರಬೇಕು, ಅಷ್ಟೇ. ತಿಂಗಳಿಗೆ 12,000 ಪಡೆಯುವವಳಿಗೆ ಆರು ತಿಂಗಳಿಗೆ ಸುಮಾರು 72,000 ರೂಪಾಯಿ.

ಅಂದರೆ ಇದು ಮಾಲೀಕರು ಕೊಡುವ ದಾನವಲ್ಲ, ಕೂತು ತಿನ್ನುವ ಸಂಬಳವೂ ಅಲ್ಲ. ನೀವು ಮತ್ತು ನಿಮ್ಮಂಥ ಲಕ್ಷಾಂತರ ಜನ ಕೂಡಿಟ್ಟ ದುಡ್ಡು. ಇಎಸ್‌ಐ ಕಟ್ಟುವ ಗಾರ್ಮೆಂಟ್ಸ್‌ನಲ್ಲಿ ‘ರಜೆ ಕೊಟ್ಟರೆ ಕಂಪನಿ ಮುಳುಗುತ್ತದೆ’ ಅನ್ನುವವರಿಗೆ ಒಂದೇ ಮಾತು ಕೇಳಿ: ಸ್ವಾಮಿ, ಆ ಆರು ತಿಂಗಳು ನಿಮ್ಮ ಜೇಬಿನಿಂದ ಎಷ್ಟು ಸಂಬಳ ಹೋಯಿತು?

ರಾಜೀನಾಮೆ ಕೊಟ್ಟರೆ ಏನೇನು ಹೋಗುತ್ತದೆ

ಹಾಗಾದರೆ ಕಂಪನಿಗೆ ರಾಜೀನಾಮೆಯೇ ಯಾಕೆ ಇಷ್ಟ? ಗ್ರಾಚ್ಯುಟಿ ನೋಡಿ. ಕಾಯಂ ಕೆಲಸದವರು ಐದು ವರ್ಷ ತುಂಬಿಸಿದರೆ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಸಿಗುತ್ತದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 12,000 ಇದ್ದರೆ ಐದು ವರ್ಷಕ್ಕೆ ಸುಮಾರು 34,600 ರೂಪಾಯಿ. ಹೆರಿಗೆ ರಜೆಯ 26 ವಾರವೂ ಸೇವೆಯ ಲೆಕ್ಕಕ್ಕೇ ಸೇರುತ್ತದೆ. ನಾಲ್ಕೂವರೆ ವರ್ಷ ದುಡಿದವಳು ರಜೆ ಹಾಕಿದರೆ, ಮಗು ಎತ್ತಿಕೊಂಡು ಮನೆಯಲ್ಲಿದ್ದಾಗಲೇ ಅವಳ ಐದು ವರ್ಷ ತುಂಬುತ್ತದೆ. ರಾಜೀನಾಮೆ ಕೊಟ್ಟರೆ? ಸೊನ್ನೆ. ಎರಡು ವರ್ಷ ಬಿಟ್ಟು ಅದೇ ಗೇಟಿಗೆ, ಅದೇ ಮಷಿನ್ನಿಗೆ ಹೋದರೂ ಅವಳು ಹೊಸಬಳು. ಲೆಕ್ಕ ಮತ್ತೆ ಒಂದರಿಂದ ಶುರು.

ಪಿಎಫ್‌ದೂ ಇದೇ ಕಥೆ. ಕೆಲಸ ಬಿಟ್ಟ ಮೇಲೆ ಹೆರಿಗೆ ಖರ್ಚಿಗೆ, ಮನೆ ಖರ್ಚಿಗೆ ಕೈಗೆ ಸಿಗುವುದು ಪಿಎಫ್ ಒಂದೇ. ಅದನ್ನು ಪೂರ್ತಿ ತೆಗೆದರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯೂ ಕೊಚ್ಚಿಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇಳಿದದ್ದು ನೆನಪಿದೆಯಲ್ಲ? ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ಮಾಡಿತ್ತು. ಎರಡೇ ದಿನದಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ದೆಹಲಿಯಲ್ಲಿ ಕೂತವರಿಗೆ ಪಿಎಫ್ ಅಂದರೆ ಮುಪ್ಪಿನ ಕಾಲದ ದುಡ್ಡು. ನಡುವಯಸ್ಸಿಗೂ ಮೊದಲೇ ಹೆರಿಗೆಗೆ ಅಂತ ಕೆಲಸ ಬಿಡಬೇಕಾದವಳಿಗೆ ಅದೇ ಬಾಣಂತನದ ದುಡ್ಡು. ರಜೆ ಸರಿಯಾಗಿ ಸಿಕ್ಕಿದ್ದರೆ ಅವಳು ಮುಪ್ಪಿನ ದುಡ್ಡಿಗೆ ಕೈ ಹಾಕಬೇಕಿತ್ತಾ?

ತವರಿನ ಲೆಕ್ಕ

‘ಹಿಂದೆ ಯಾವ ಕಾಯ್ದೆ ಇತ್ತು? ನಾವು ಹೆರಲಿಲ್ಲವಾ, ಸಾಕಲಿಲ್ಲವಾ?’ ಅನ್ನುವ ಹಿರಿಯರಿದ್ದಾರೆ. ಅವರಿಗೆ ಗೌರವದಿಂದಲೇ ಹೇಳುತ್ತೇವೆ: ಹಿಂದೆಯೂ ಕಾಯ್ದೆ ಇತ್ತು. ಅದರ ಹೆಸರು ಬಾಣಂತನ.

ಸೀಮಂತ ಮಾಡಿ ಮಗಳನ್ನು ತವರಿಗೆ ಕರೆತರುವುದು, ಮೂರು ತಿಂಗಳೋ ಐದು ತಿಂಗಳೋ ಅವಳ ಕೈಯಿಂದ ಒಂದು ಕೊಡ ನೀರೂ ಎತ್ತಿಸದಿರುವುದು, ಎಣ್ಣೆ, ಬಿಸಿನೀರು, ಪಥ್ಯ. ಹೆತ್ತವಳಿಗೆ ವಿಶ್ರಾಂತಿ ಬೇಕು ಅಂತ ನಮ್ಮ ಅಜ್ಜಿಯರಿಗೆ ಯಾವ ಸರ್ಕಾರವೂ ಹೇಳಿಕೊಡಬೇಕಿರಲಿಲ್ಲ. ಆದರೆ ಆ ರಜೆಯ ಖರ್ಚು ಹೊತ್ತವರು ಯಾರು? ತವರಿನ ತಾಯಿ. ಅವಳ ದುಡಿಮೆ, ಅವಳ ನಿದ್ದೆ, ಅವಳ ಕೋಳಿ, ಅವಳ ತುಪ್ಪ. ಬಡವರ ಮನೆಯಲ್ಲಿ ಐದು ತಿಂಗಳು ಮೂರಕ್ಕಿಳಿಯುತ್ತಿತ್ತು, ಮೂರು ಒಂದೂವರೆಗೆ.

ಇವತ್ತು ಆ ತಾಯಿ ಎಲ್ಲಿದ್ದಾಳೆ? ಅವಳೂ ಕೂಲಿಗೆ ಹೋಗುತ್ತಾಳೆ. ಸಂಘದ ಸಾಲದ ಕಂತು ವಾರ ವಾರ ಕಟ್ಟಬೇಕು. ಎಷ್ಟೋ ಮನೆಗಳಲ್ಲಿ ತಾಯಿ ಮಗಳು ಇಬ್ಬರೂ ಒಂದೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಮಗಳ ಬಾಣಂತನಕ್ಕೆ ತಾಯಿ ನಿಂತರೆ ಒಂದೇ ಮನೆಯ ಎರಡು ಸಂಬಳ ನಿಲ್ಲುತ್ತದೆ. ಮಗಳಿಗೆ ಕಾಯ್ದೆಯಲ್ಲಿ ರಜೆ ಇದೆ. ಬಾಣಂತನ ಮಾಡುವ ತಾಯಿಗೆ ಅದೂ ಇಲ್ಲ. ‘ಹಿಂದಿನವರು ಸಾಕಲಿಲ್ಲವಾ’ ಅನ್ನುವ ಮುನ್ನ ಹಿಂದಿನ ಮನೆ ಈಗ ಇದೆಯಾ ಅಂತ ನೋಡಬೇಕು.

ಪಟ್ಟಿಯಿಂದ ಹೊರಗಿನವರು

ಇಷ್ಟು ಹೊತ್ತು ಹೇಳಿದ್ದು ಸಂಬಳದ ಚೀಟಿ ಇರುವವರ ಮಾತು. ಈ ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು ತೊಂಬತ್ತು ಜನ ಅಸಂಘಟಿತ ವಲಯದವರು. ಕಬ್ಬು ಕಡಿಯುವವಳಿಗೆ, ಈರುಳ್ಳಿ ಕೀಳುವವಳಿಗೆ, ಮನೆಗೆಲಸದವಳಿಗೆ, ಹತ್ತು ಜನಕ್ಕಿಂತ ಕಡಿಮೆ ಇರುವ ಬಟ್ಟೆ ಅಂಗಡಿಯವಳಿಗೆ 26 ವಾರ ಅನ್ನುವುದು ಪಕ್ಕದ ರಾಜ್ಯದ ಮಳೆ ಇದ್ದ ಹಾಗೆ. ಸುದ್ದಿಯಲ್ಲಿ ಕೇಳಬಹುದು, ಹೊಲಕ್ಕೆ ಬೀಳುವುದಿಲ್ಲ.

ಆಶಾ ಕಾರ್ಯಕರ್ತೆಯನ್ನೇ ತೆಗೆದುಕೊಳ್ಳಿ. ಬಸುರಿಯರ ಪಟ್ಟಿ ಮಾಡಿ, ತಾಯಿ ಕಾರ್ಡ್ ಮಾಡಿಸಿ, ನಡುರಾತ್ರಿ ಆಂಬುಲೆನ್ಸ್ ಹತ್ತಿಸಿ ಹೆರಿಗೆಗೆ ಕರೆದೊಯ್ಯುವವಳು ಅವಳು. ಕಾನೂನಿನ ಕಣ್ಣಲ್ಲಿ ಅವಳು ನೌಕರಳಲ್ಲ, ಸ್ವಯಂಸೇವಕಿ. ಊರಿನ ಹೆರಿಗೆಗಳನ್ನೆಲ್ಲ ಕಾಯುವವಳ ಹೆರಿಗೆಗೆ 26 ವಾರದ ಕಾಯ್ದೆ ಅನ್ವಯಿಸುವುದಿಲ್ಲ.

ನಮ್ಮನ್ನೂ ಸೇರಿಸಿಕೊಳ್ಳಿ. ಜಿಲ್ಲೆಗಳಲ್ಲಿ ಸುದ್ದಿ ಬರೆಯುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ನೇಮಕಾತಿ ಪತ್ರ ಇಲ್ಲ, ಬರೆದಷ್ಟಕ್ಕೆ ದುಡ್ಡು. ನಮ್ಮಲ್ಲೊಬ್ಬ ಹೆಂಡತಿಯ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಾಗ ಡೆಸ್ಕಿನಿಂದ ಮೂರು ಸಲ ಫೋನ್ ಬಂತು, ಎಪಿಎಂಸಿ ದರದ ಪಟ್ಟಿ ಇನ್ನೂ ಬಂದಿಲ್ಲ ಅಂತ. ರಜೆ ಕೇಳಲು ನಾವು ಯಾರ ನೌಕರರೂ ಅಲ್ಲ. ಬೈಸಿಕೊಳ್ಳುವಾಗ ಮಾತ್ರ ನೌಕರರು.

ಇವರೆಲ್ಲರಿಗೆ ಸರ್ಕಾರ ಏನು ಕೊಡುತ್ತದೆ? 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಬಸುರಿ, ಬಾಣಂತಿಯರಿಗೆ ಕನಿಷ್ಠ 6,000 ರೂಪಾಯಿ ಅಂತ ಬರೆಯಲಾಗಿದೆ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000. ಎರಡನೆಯದು ಹೆಣ್ಣಾದರೆ ಮಾತ್ರ 6,000. ಎರಡನೆಯದು ಗಂಡಾದರೆ ತಾಯಿಗೆ ಸುಸ್ತು ಆಗುವುದಿಲ್ಲವೇನೋ!

ಆ 5,000ವನ್ನು ಕೂಲಿಯ ಲೆಕ್ಕಕ್ಕೆ ಹಾಕಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. 5,000 ಅಂದರೆ ಹದಿಮೂರುವರೆ ದಿನದ ಕೂಲಿ. ವಾರಕ್ಕೆ ಆರು ದಿನದಂತೆ 26 ವಾರಕ್ಕೆ ಲೆಕ್ಕ ಹಾಕಿದರೆ 57,720 ರೂಪಾಯಿ ಆಗಬೇಕು. ಚೀಟಿ ಇರುವವಳಿಗೆ ಆರು ತಿಂಗಳು, ಚೀಟಿ ಇಲ್ಲದವಳಿಗೆ ಹದಿಮೂರುವರೆ ದಿನ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದರೆ ಇದೇ.

ಗುತ್ತಿಗೆ, ಹೊರಗುತ್ತಿಗೆಯವರಿಗೆ ಮಾತ್ರ ಒಂದು ಧೈರ್ಯದ ಮಾತಿದೆ. ದೆಹಲಿ ನಗರ ಪಾಲಿಕೆಯಲ್ಲಿ ದಿನಗೂಲಿ ಮಾಡುತ್ತಿದ್ದ ಹೆಣ್ಣುಮಕ್ಕಳಿಗೂ ಹೆರಿಗೆ ಸೌಲಭ್ಯ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಹೇಳಿದೆ. ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಲ್ಲಬೇಕು ಅಂತ 2023ರಲ್ಲಿ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಹೇಳಿದೆ. ‘ನೀನು ಪರ್ಮನೆಂಟ್ ಅಲ್ಲ, ನಿನಗೆಲ್ಲಿಯ ರಜೆ’ ಅನ್ನುವ ಏಜೆನ್ಸಿಯವರಿಗೆ ಈ ಎರಡು ತೀರ್ಪು ತೋರಿಸಿ.

‘ನಮಗೆ ಕಟ್ಟುವುದಿಲ್ಲ’ ಅನ್ನುವ ಮಾಲೀಕರಿಗೆ

ಮಾಲೀಕರಲ್ಲಿ ಎಲ್ಲರೂ ಕೆಟ್ಟವರಲ್ಲ. ತಾಲ್ಲೂಕು ಕೇಂದ್ರದಲ್ಲಿ ಹನ್ನೆರಡು ಜನ ಇಟ್ಟುಕೊಂಡು ಸಣ್ಣ ವ್ಯವಹಾರ ನಡೆಸುವವರ ಕಷ್ಟ ನಮಗೆ ಗೊತ್ತು. ಇಎಸ್‌ಐ ವ್ಯಾಪ್ತಿಗೆ ಬಾರದ ನೌಕರಳಿಗೆ 26 ವಾರದ ಸಂಬಳ ಅವರೇ ಕೊಡಬೇಕು, ಅವಳ ಜಾಗಕ್ಕೆ ಬಂದವಳಿಗೆ ಇನ್ನೊಂದು ಸಂಬಳ. ಇದು ಭಾರವೇ. ಆ ಭಾರ ತಪ್ಪಿಸಲು ಅವರು ಏನು ಮಾಡುತ್ತಾರೆ? ಸಂದರ್ಶನದಲ್ಲೇ ‘ಮದುವೆ ಆಗಿದೆಯಾ? ಮಕ್ಕಳಾಗಿವೆಯಾ?’ ಅಂತ ಕೇಳಿ, ಆಗಿಲ್ಲ ಅಂದವಳನ್ನು ವಾಪಸ್ ಕಳಿಸುತ್ತಾರೆ. ಹೆಣ್ಣಿಗಾಗಿ ಬಂದ ಕಾಯ್ದೆಯೇ ಅವಳ ಮುಂದೆ ಬಾಗಿಲು ಮುಚ್ಚುವ ನೆಪವಾಗುತ್ತದೆ.

ಹಾಗಂತ ರಜೆ ಕಡಿಮೆ ಮಾಡಿ ಅನ್ನುವುದು ನೆಗಡಿಗೆ ಮೂಗು ಕೊಯ್ದಂತೆ. ಬದಲಾಗಬೇಕಾದದ್ದು ಖರ್ಚು ಹೊರುವವರು. ಇದು ಹೊಸ ಮಾತೂ ಅಲ್ಲ. 1928ರಲ್ಲಿ ಮುಂಬೈ ಪ್ರಾಂತ್ಯದ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದರ ಪರ ನಿಂತು ಮಾತನಾಡಿದರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿದ್ದವು. ಹೆತ್ತವಳಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಆ ಹೊರೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು, ಆದರೆ ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಪಾಲು ಕೊಡಬೇಕು ಅನ್ನುವುದು ಅವರ ವಾದ. ಮರುವರ್ಷ ಆ ಕಾಯ್ದೆ ಬಂತು. ಹೊರೆ ಹಂಚುವ ಮಾತು ಮಾತ್ರ ಇನ್ನೂ ಅರ್ಧದಲ್ಲೇ ನಿಂತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2000ನೇ ಇಸವಿಯಲ್ಲಿ ಮಾಡಿದ 183ನೇ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ: ಹೆರಿಗೆ ರಜೆಯ ದುಡ್ಡು ಸಾಮಾಜಿಕ ವಿಮೆಯಿಂದ ಅಥವಾ ಸರ್ಕಾರಿ ನಿಧಿಯಿಂದ ಬರಬೇಕು. ಭಾರತ ಅದಕ್ಕೆ ಸಹಿ ಹಾಕಿ ಒಪ್ಪಿಕೊಂಡಿಲ್ಲ.

ಸಾಮೂಹಿಕ ನಿಧಿ ನಡೆಯುತ್ತದಾ ಅಂತ ಅನುಮಾನವೇ? ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ. ಕಟ್ಟಡ ಕಟ್ಟುವವರಿಂದ ಶೇ 1ರಷ್ಟು ಸೆಸ್ ವಸೂಲಿಯಾಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮಂಡಳಿಯಲ್ಲಿ ನೋಂದಾಯಿಸಿದ ಮಹಿಳೆಗೆ ಮೊದಲ ಎರಡು ಮಕ್ಕಳ ಹೆರಿಗೆಗೆ ತಲಾ 50,000 ರೂಪಾಯಿ ಸಹಾಯ ಇದೆ. ಯಾವ ಮೇಸ್ತ್ರಿಯ ಹತ್ತಿರ, ಯಾವ ಕಟ್ಟಡದಲ್ಲಿ ದುಡಿದಳು ಅನ್ನುವುದರ ಮೇಲೆ ಆ ದುಡ್ಡು ನಿಂತಿಲ್ಲ. ಅದು ಅವಳ ಕಾರ್ಡಿಗೆ ಅಂಟಿಕೊಂಡಿದೆ. ಇಟ್ಟಿಗೆ ಹೊರುವವಳಿಗೆ ಆಗುವುದು ಹೊಲದಲ್ಲಿ ಕಳೆ ಕೀಳುವವಳಿಗೆ ಯಾಕೆ ಆಗಬಾರದು?

ಪಕ್ಕದ ತಮಿಳುನಾಡಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಹೆರಿಗೆ ನೆರವು ನಗದು, ಪೌಷ್ಟಿಕ ಆಹಾರದ ಕಿಟ್ ಎಲ್ಲ ಸೇರಿ 18,000 ರೂಪಾಯಿ. ಅದೂ ಸಾಲದು. ಆದರೆ ರಾಜ್ಯ ಸರ್ಕಾರವೊಂದು ಮನಸ್ಸು ಮಾಡಿದರೆ ಕೇಂದ್ರದ 5,000ದಾಚೆಗೆ ಹೋಗಬಹುದು ಅನ್ನುವುದಕ್ಕೆ ಸಾಕ್ಷಿ. ನಮ್ಮ ಸರ್ಕಾರಕ್ಕೆ ಹಂಚುವ ವ್ಯವಸ್ಥೆ ಇಲ್ಲವೇ? ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳ ಖಾತೆಗೆ ಹಾಕಲು ಗೊತ್ತಿರುವವರಿಗೆ, ತಾಯಿ ಕಾರ್ಡ್ ಇರುವವಳ ಖಾತೆಗೆ ಆರು ತಿಂಗಳ ದುಡ್ಡು ಹಾಕಲು ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ?

ಗಂಡಸರಿಗೂ ರಜೆ ಬೇಕು

ಈಗ ಗಂಡಸರ ಸರದಿ. ರಾಜ್ಯ ಸರ್ಕಾರಿ ನೌಕರಿಯ ಮಹಿಳೆಗೆ 180 ದಿನ ಹೆರಿಗೆ ರಜೆ ಇದೆ, ಮಕ್ಕಳ ಪಾಲನೆಗೆ ಇನ್ನೂ 180 ದಿನ ಇದೆ. ಗಂಡಸು ನೌಕರನಿಗೆ 15 ದಿನ ಪಿತೃತ್ವ ರಜೆ. ಖಾಸಗಿ ಕೆಲಸದ ಗಂಡಸಿಗೆ ಕಾನೂನು ಕೊಡುವ ಪಿತೃತ್ವ ರಜೆ ಒಂದು ದಿನವೂ ಇಲ್ಲ. ಕೊಡುವ ಕಂಪನಿಗಳು ತಮ್ಮ ಇಷ್ಟಕ್ಕೆ ಕೊಡುತ್ತವೆ.

‘ಗಂಡಸಿಗೆ ಯಾಕೆ ಬಾಣಂತನ’ ಅಂತ ಅರಳಿಕಟ್ಟೆಯಲ್ಲಿ ನಗುವವರು ಈ ಲೆಕ್ಕ ಕೇಳಿ. ರಜೆ ಹೆಣ್ಣಿಗೆ ಮಾತ್ರ ಇದ್ದರೆ ಮಾಲೀಕನ ಕಣ್ಣಿಗೆ ಹೆಣ್ಣಾಳು ದುಬಾರಿ, ಗಂಡಾಳು ಅಗ್ಗ. ತಂದೆಗೂ ಕಡ್ಡಾಯ ರಜೆ ಬಂದರೆ ‘ಮದುವೆ ಆಗಿದೆಯಾ’ ಅನ್ನುವ ಪ್ರಶ್ನೆಯನ್ನು ಗಂಡಸಿಗೂ ಕೇಳಬೇಕಾಗುತ್ತದೆ. ಆಗ ಆ ಪ್ರಶ್ನೆಗೇ ಬೆಲೆ ಇರುವುದಿಲ್ಲ. ಇನ್ನೊಂದು ಮಾತು. ತವರಿನ ತಾಯಿಗೆ ಬಿಡುವಿಲ್ಲ ಅಂದೆವಲ್ಲ, ಸಿಜೇರಿಯನ್ ಆದವಳಿಗೆ ರಾತ್ರಿ ಎದ್ದು ಮಗು ಎತ್ತಿಕೊಡುವವರು ಯಾರು? ಮನೆಯಲ್ಲಿ ಉಳಿದಿರುವ ಇನ್ನೊಬ್ಬ ದೊಡ್ಡ ಮನುಷ್ಯ ಗಂಡನೇ ತಾನೇ?

ಆರು ತಿಂಗಳಾದ ಮೇಲೆ?

ರಜೆ ಮುಗಿದ ಮಾರನೇ ದಿನ ಆರು ತಿಂಗಳ ಕೂಸನ್ನು ಎಲ್ಲಿ ಬಿಡುವುದು? ರಜೆ ಹಾಕಿ ವಾಪಸ್ ಬಂದವಳೂ ಕೊನೆಗೆ ರಾಜೀನಾಮೆ ಕೊಡುವುದು ಇಲ್ಲೇ. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು ಅಂತ ಕಾಯ್ದೆ ಇದೆ. ತಪಾಸಣೆಯ ದಿನ ತೊಟ್ಟಿಲು, ಗೊಂಬೆ ಎಲ್ಲ ಇರುತ್ತವೆ. ಆದರೆ ಬೆಳಗ್ಗೆ ಆರಕ್ಕೆ ಹಳ್ಳಿಯಲ್ಲಿ ಹೊರಡುವ ಬಸ್ಸಿನಲ್ಲಿ, ನಿಂತೇ ಹೋಗುವ ಗದ್ದಲದಲ್ಲಿ ಕೂಸನ್ನು ಎತ್ತಿಕೊಂಡು ಹೋಗಲು ಆಗುತ್ತದಾ? ಇಂಥವಳಿಗೆ ಕೇಂದ್ರ ಬೇಕಿರುವುದು ಅವಳ ಊರಿನಲ್ಲಿ.

ಅದಕ್ಕೂ ದಾರಿ ಇದೆ. ಉದ್ಯೋಗ ಖಾತ್ರಿ ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಹೇಳಿತು. ಒಳ್ಳೆಯ ಕೆಲಸ. ಅದನ್ನು ಖಾತ್ರಿ ಕೂಲಿಯವರಿಗಷ್ಟೇ ಸೀಮಿತ ಮಾಡದೆ, ಬಸ್ಸು ಹತ್ತುವ ಹೊತ್ತಿಗೆ ಬಾಗಿಲು ತೆಗೆದು, ಬಸ್ಸು ಇಳಿಯುವ ಹೊತ್ತಿನವರೆಗೆ ನಡೆಸಿದರೆ ಎಷ್ಟು ರಾಜೀನಾಮೆಗಳು ಉಳಿಯುತ್ತವೆ! ಕೂಸು ನೋಡಿಕೊಳ್ಳುವ ಹೆಣ್ಣುಮಗಳಿಗೂ ತಿಂಗಳ ಸಂಬಳ ಸರಿಯಾಗಿ ಬರಬೇಕು, ಅವಳಿಗೂ ರಜೆ ಇರಬೇಕು.

ಕಾಗದದ ಮೇಲಿನ ರಜೆ ಮಷಿನ್ ಹತ್ತಿರ ಬರುವಾಗ ಏನಾಗುತ್ತದೆ ಅನ್ನುವುದಕ್ಕೆ ಮುಟ್ಟಿನ ರಜೆಯನ್ನೂ ನೋಡಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸ್ವಾಗತ. ಆದರೆ ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ ಇರುವ ಲೈನಿನಲ್ಲಿ ನಿಂತವಳು, ಗಂಡಸು ಸೂಪರ್‌ವೈಸರ್ ಮುಂದೆ ಹೋಗಿ ಅದನ್ನು ಕೇಳಬೇಕು. ಕೇಳಿದವಳ ಟಾರ್ಗೆಟ್ ಪಕ್ಕದವಳ ತಲೆ ಮೇಲೆ ಬಿದ್ದರೆ ಪಕ್ಕದವಳೇ ಮುಖ ತಿರುಗಿಸುತ್ತಾಳೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ರಜೆ ಕೊಡುವಾಗ ಆ ದಿನದ ಟಾರ್ಗೆಟ್ಟನ್ನೂ ಇಳಿಸಬೇಕು ಅಂತ ನಿಯಮ ಮಾಡದಿದ್ದರೆ ಅದು ಗೋಡೆಗೆ ಅಂಟಿಸಿದ ರಜೆ.

ನಾವು ಕೇಳುವುದು

ಸರ್ಕಾರಕ್ಕೆ ನಾಲ್ಕು ಮಾತು. ಒಂದು, ಬಸುರಿಯೊಬ್ಬಳ ರಾಜೀನಾಮೆ ಕಾರ್ಮಿಕ ಇಲಾಖೆಯ ಅಧಿಕಾರಿ ಅವಳನ್ನು ಖುದ್ದಾಗಿ ವಿಚಾರಿಸಿದ ಮೇಲೆ ಮಾತ್ರ ಊರ್ಜಿತ ಅಂತ ನಿಯಮ ತನ್ನಿ. ಎರಡು, ಹೆರಿಗೆ ರಜೆಯ ಖರ್ಚಿಗೆ ರಾಜ್ಯಮಟ್ಟದ ಸಾಮೂಹಿಕ ನಿಧಿ ಮಾಡಿ. ದೊಡ್ಡ ಕಂಪನಿ, ಸಣ್ಣ ಅಂಗಡಿ, ಸರ್ಕಾರ ಎಲ್ಲರೂ ಪಾಲು ಹಾಕಲಿ, ಕೂಲಿಯವಳಿಗೂ ಆಶಾಳಿಗೂ ಅದರಿಂದ ಆರು ತಿಂಗಳ ಕನಿಷ್ಠ ಕೂಲಿ ಸಿಗಲಿ. ಮೂರು, ಖಾಸಗಿ ಕೆಲಸದ ತಂದೆಗೂ ಕಡ್ಡಾಯ ರಜೆ ಕೊಡಿ. ನಾಲ್ಕು, ಕೂಸಿನ ಮನೆಯ ಹೊತ್ತನ್ನು ದುಡಿಯುವವರ ಹೊತ್ತಿಗೆ ಹೊಂದಿಸಿ.

ಇದೆಲ್ಲ ನಾಳೆಯೇ ಆಗುವುದಿಲ್ಲ. ನಾಳೆಯೇ ಮಾಡಬಹುದಾದದ್ದು ನಿಮ್ಮ ಕೈಯಲ್ಲಿದೆ. ಬಸುರಿಯಾಗಿದ್ದರೆ ತಾಯಿ ಕಾರ್ಡಿನ ಜೆರಾಕ್ಸ್ ಜೊತೆ ರಜೆ ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಸಂಬಳದ ಚೀಟಿಗಳನ್ನು ಫೋನಿನಲ್ಲಿ ಫೋಟೋ ತೆಗೆದಿಡಿ. ಇಎಸ್‌ಐ ಶಾಖಾ ಕಚೇರಿಗೆ ಹೋಗಿ ನಿಮ್ಮ ವಂತಿಗೆ ಎಷ್ಟು ದಿನದ್ದು ಸೇರಿದೆ ಅಂತ ಕೇಳಿ. ಬಿಡು ಅಂತ ಒತ್ತಾಯ ಬಂದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೆ ದೂರು ಬರೆಯಿರಿ. ಒಬ್ಬಳೇ ಹೋಗಲು ಹೆದರಿಕೆಯಾದರೆ ಲೈನಿನ ನಾಲ್ಕು ಜನ ಒಟ್ಟಿಗೆ ಹೋಗಿ. 2016ರಲ್ಲಿ ಒಟ್ಟಿಗೆ ಹೋದದ್ದಕ್ಕೇ ದೆಹಲಿ ಬಗ್ಗಿತು.

ಗಂಡಂದಿರಿಗೂ ಅತ್ತೆಯಂದಿರಿಗೂ ಇಷ್ಟು: ‘ಹೋಗಲಿ, ಬಿಟ್ಟುಬಿಡು’ ಅನ್ನುವ ನಿಮ್ಮ ಒಂದು ಮಾತಿಗೆ ಆರು ತಿಂಗಳ ಸಂಬಳ, ಗ್ರಾಚ್ಯುಟಿ, ಪಿಂಚಣಿಯ ವರ್ಷಗಳು ಎಲ್ಲ ಹೋಗುತ್ತವೆ. ಬಾಯಿ ಬಿಡುವ ಮುನ್ನ ಅವಳ ಸಂಬಳದ ಚೀಟಿ ಕೇಳಿ ನೋಡಿ. ಓದಲು ಬಾರದಿದ್ದರೆ ಓದುವ ಮಕ್ಕಳ ಕೈಯಲ್ಲಿ ಓದಿಸಿ. ರಾಜೀನಾಮೆ ಪತ್ರ ಮುಂದೆ ಬಂದ ದಿನ ಪೆನ್ನನ್ನು ಜೇಬಿನಲ್ಲೇ ಇಡಿ.